ಸರ್ವರ್ ಕಾಂತೇಶನ ಏಳು ಶನಿವಾರ

ಮಾಯಸಂದ್ರದ ಬಸ್ ನಿಲ್ದಾಣದಲ್ಲಿ ನಿಂತು ‘ಕಾಂತೇಶ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ‘ಸರ್ವರ್ ಕಾಂತೇಶ’ ಎಂದು ಕೂಗಿದರೆ ಒಬ್ಬನೇ ತಿರುಗುತ್ತಾನೆ, ಅದೂ ಮೂರನೇ ಸಲಕ್ಕೆ. ಎರಡು ಸಲ ಹೆಚ್ಚಿಗೆ ಕೇಳಿಸಿಕೊಳ್ಳುವುದು ಅವನಿಗೆ ಇಷ್ಟ.

ಹೊಸಗರಿ ತೆಂಗು ಬೆಳೆಗಾರರ ಸಂಘದ ಹಿಂಬದಿಯಲ್ಲಿ, ಮೊದಲು ಕೊಬ್ಬರಿ ಅಟ್ಟವಿದ್ದ ಕೋಣೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಅದೇ ಸರ್ವರ್. ಯಾರ ಚೀಲ ಎಷ್ಟು ತೂಗಿತು, ಯಾವ ದರ್ಜೆಗೆ ಬಂತು, ಯಾವ ರಾಶಿಗೆ ಸೇರಿತು, ಎಲ್ಲವೂ ಅದರ ಹೊಟ್ಟೆಯೊಳಗೆ. ತಕ್ಕಡಿಯ ಮೇಲೆ ಚೀಲ ಇಟ್ಟರೆ ಸಾಕು, ಬೆಳೆಗಾರನ ಬೆನ್ನು ನೆಟ್ಟಗಾಗುವ ಮೊದಲೇ ಅವನ ಮೊಬೈಲಿಗೆ ತೂಕ ಬಂದಿರುತ್ತದೆ. ಆ ಪೆಟ್ಟಿಗೆಯನ್ನು ನಡೆಸುವುದು ಲಿನಕ್ಸ್ ಎನ್ನುವ ತಂತ್ರಾಂಶ. ಲಿನಕ್ಸನ್ನು ನಡೆಸುವುದು ಕಾಂತೇಶ. ಕಾಂತೇಶನನ್ನು ನಡೆಸುವುದು ಹೆಂಡತಿ ನಯನ. ಆದರೆ ಆ ಕೊನೆಯ ಸಂಗತಿಯನ್ನು ಸಂಘದ ವರದಿಯಲ್ಲಿ ಸೇರಿಸಿಲ್ಲ.

ಎಲ್ಲ ಸರ್ವರ್‌ಗಳ ಹಾಗೆ ಇದರಲ್ಲೂ ಆಗಾಗ ತೂತು ಕಾಣಿಸಿಕೊಳ್ಳುತ್ತದೆ. ಹೆಂಚು ಸರಿದ ಕಡೆ ಅಟ್ಟಕ್ಕೆ ಇಲಿ ಇಳಿಯುವಂತೆ, ಆ ತೂತಿನಲ್ಲಿ ಎಲ್ಲೋ ಕೂತ ಕಳ್ಳ ಇಳಿಯಬಹುದು. ಪುಣ್ಯಕ್ಕೆ ಇನ್ನೆಲ್ಲೋ ಕೂತ ಒಳ್ಳೆಯವರು ತೂತನ್ನು ಮೊದಲೇ ಕಂಡುಹಿಡಿದು, ತೇಪೆ ಹೊಲಿದು ಕಳಿಸುತ್ತಾರೆ. ಅದಕ್ಕೆ ಅಪ್‌ಡೇಟ್ ಎನ್ನುತ್ತಾರೆ. ಬಂದ ತೇಪೆಯನ್ನು ನೀನೇ ಹಾಕಿಕೋ ಎಂದು ಯಂತ್ರಕ್ಕೇ ಹೇಳಿಬಿಡಬಹುದು. ಇಲ್ಲವೇ ಮನುಷ್ಯನೊಬ್ಬ ಕೂತು, ಒಂದೊಂದನ್ನೂ ನೋಡಿ ಹಾಕಬಹುದು.

ಕಾಂತೇಶ ಕೈಯಲ್ಲೇ ಹಾಕುವವನು. ಪ್ರತಿ ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಕೋಣೆಯ ಬಾಗಿಲಿಗೆ ಸೊಂಟ ಒತ್ತಿ ಓರೆಯಾಗಿ ಬಾಗುತ್ತಿದ್ದ. ಬೀಗದ ಕೈ ಇದ್ದದ್ದು ಅವನ ಉಡಿದಾರದಲ್ಲಿ. ಒಳಗೆ ಹೋಗಿ ಪ್ರತಿ ತೇಪೆಯ ಹೆಸರು ಓದಿ, ಅದರ ಕುಲಗೋತ್ರ ವಿಚಾರಿಸಿ, ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಹೆಣ್ಣು ಕೊಡುವವರೂ ಅಷ್ಟು ವಿಚಾರಿಸುವುದಿಲ್ಲ. ಹತ್ತು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿರಲಿಲ್ಲ. ಮಗಳು ಹುಟ್ಟಿದ್ದು ಶನಿವಾರ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಇಳಿದು ಎರಡು ತೇಪೆ ಹಾಕಿ ಹೋದನಂತೆ ಎನ್ನುವವರಿದ್ದಾರೆ. ನಯನ ಮೂರು ಎನ್ನುತ್ತಾಳೆ.

ಎಲ್ಲ ಮುಗಿದ ಮೇಲೆ ಪೆಟ್ಟಿಗೆಗೆ ಕಿವಿ ಕೊಡುತ್ತಿದ್ದ. ಇದು ಅಪ್ಪನ ಕಾಲದಿಂದ ಬಂದದ್ದು. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಡಗಡ ಎಂದರೆ ನೀರು ಇಂಗಿ ಕೊಬ್ಬರಿ ಹದವಾಗಿದೆ ಎಂದು ಅರ್ಥ. ಸರ್ವರನ್ನು ಅಲ್ಲಾಡಿಸುವಂತಿಲ್ಲವಲ್ಲ, ಅದಕ್ಕೆ ಇವನೇ ತಲೆ ಅಲ್ಲಾಡಿಸುತ್ತಿದ್ದ.

“ಕಾಂತೇಶ ಒಂದು ವಾರ ಇಲ್ದಿದ್ರೆ ಈ ಪೆಟ್ಗೆ ಉಸಿರು ಬುಡ್ತದೆ ಕಣ್ರೀ” ಎಂದು ಕಾರ್ಯದರ್ಶಿ ಶಂಭುಲಿಂಗಯ್ಯ ಹೊರಗಿನವರಿಗೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಕಾಂತೇಶ ಊಟಕ್ಕೆ ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಸಂಘ ಸಂಪಿಗೆಯಲ್ಲಿ ಶಾಖೆ ತೆರೆಯಿತು. ಅಲ್ಲಿಗೂ ಒಂದು ತಕ್ಕಡಿ, ಒಂದು ಸರ್ವರ್. ನೋಡಿಕೊಳ್ಳಲು ತುರುವೇಕೆರೆಯಿಂದ ಅನಿತಾ ಬಂದಳು. ಮೂವತ್ತು ತುಂಬದ ಹುಡುಗಿ. ಬಂದ ಮೊದಲ ದಿನವೇ ಸರ್ವರ್‌ಗೆ, ಭದ್ರತೆಯ ತೇಪೆ ಯಾವುದು ಬಂದರೂ ದಿನಾ ಮುಂಜಾನೆ ನೀನೇ ಹಾಕಿಕೋ, ಹಾಕಿಕೊಂಡ ಮೇಲೆ ನನಗೊಂದು ಕಾಗದ ಬರೆ ಎಂದು ಹೇಳಿ, ಕೋಣೆಯ ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿ, ಐದು ಗಂಟೆಗೆ ಸ್ಕೂಟರ್ ಹತ್ತಿ ಮನೆಗೆ ಹೋದಳು.

ಮೊಳೆಯ ಸುದ್ದಿ ಕೇಳಿ ಕಾಂತೇಶನಿಗೆ ಸೊಂಟ ನೋವು ಬಂತು.

“ಬುಡಿ, ಒಂದು ತಿಂಗ್ಳು ನೋಡಿ. ಯಾವನೋ ಕಳಿಸಿದ್ನ ನೋಡ್ದೆ ನುಂಗಾ ಮಿಷನ್ನು ಬಾಳ್ತದಾ?” ಎಂದ ಶಂಭುಲಿಂಗಯ್ಯನವರ ಎದುರು.

ಒಂದು ತಿಂಗಳು ಕಳೆಯಿತು. ಬಾಳಿತು. ಆರು ತಿಂಗಳೂ ಬಾಳಿತು. ಅನಿತಾ ತಂಗಿಯ ಮದುವೆಗೆ ಹತ್ತು ದಿನ ರಜೆ ಹಾಕಿದಳು. ಆಗಲೂ ಸಂಪಿಗೆಯ ಸರ್ವರ್ ಒಂದು ಕೆಮ್ಮೂ ಕೆಮ್ಮಲಿಲ್ಲ. ಒಂದು ಸೋಮವಾರ ಕೊಬ್ಬರಿ ತೂಗಿಸಲು ಬಂದ ಚಿಕ್ಕಗಂಗಮ್ಮ ಸಂಘದ ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಸಂಪ್ಗೆ ಹುಡ್ಗಿ ಮಿಷನ್ನ ಎಂಗ್ ಸಾಕವ್ಳೆ ನೋಡು ಕಾಂತೇಶ. ಮುಟ್ಟಾದೇ ಇಲ್ವಂತೆ. ನೀನು ವಾರ ವಾರ ನೀರು ಹಾಕಿ ಮೈ ತೊಳೀತೀಯ, ನಿಂದೇನು ಎಮ್ಮೆನಾ?”

ಜಗುಲಿಯವರು ನಕ್ಕರು. ಕಾಂತೇಶನೂ ನಕ್ಕ. ಒಳಗೆ ಮಾತ್ರ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಆ ಕಿಚ್ಚಿನ ಮೇಲೆ ಒಂದು ಅಟ್ಟ ಕಟ್ಟಿದ್ದರೆ ಸಾವಿರ ಕಾಯಿ ಹನ್ನೊಂದು ತಿಂಗಳಲ್ಲ, ಹನ್ನೊಂದು ದಿನಕ್ಕೆ ಕೊಬ್ಬರಿಯಾಗುತ್ತಿತ್ತು. ತಿಪಟೂರು ಪೇಟೆ ಅಷ್ಟು ಮಾಲನ್ನು ತಡೆದುಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ನಯನ ಕನಿಕರ ತೋರಿಸಲಿಲ್ಲ.

“ಅಲ್ಲಾ ರೀ, ತ್ವಾಟದಾಗೆ ಬೋರಿಗೆ ಆಟೋ ಸ್ಟಾರ್ಟರ್ ಹಾಕ್ಸಿದ್ದು ಯಾರು? ಕರೆಂಟ್ ಬಂದ್ರೆ ಮೋಟ್ರು ಅದ್ರ ಪಾಡಿಗೆ ಅದು ಹತ್ಕಂತದೆ. ಅಲ್ಲೇನು ನೀವು ಸ್ನಾನ ಮಾಡ್ಕಂಡ್ ಹೋಗಿ ಸ್ವಿಚ್ ಒತ್ತೀರಾ?”

“ಮೋಟ್ರೇ ಬ್ಯಾರೆ, ಸರ್ವರೇ ಬ್ಯಾರೆ ಕಣೇ.”

“ಏನ್ ಬ್ಯಾರೆ?”

“ಮೋಟ್ರನ್ನ ಯಾರೂ ಹೊಗಳಲ್ಲ” ಎಂದುಬಿಟ್ಟ ಕಾಂತೇಶ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಆ ವರ್ಷದ ಬೇಸಿಗೆಗೆ ಮುಂಚೆ ಶಂಭುಲಿಂಗಯ್ಯ ಒಂದು ಮಾತು ಹೊರಡಿಸಿದರು. ಎರಡು ಸರ್ವರ್‌ಗೆ ಎರಡು ಪದ್ಧತಿ ಬೇಡ. ಯುಗಾದಿ ಕಳೆದ ಮೇಲೆ ಸದಸ್ಯರ ಸಭೆ ಸೇರಿ, ಎರಡನ್ನೂ ಒಬ್ಬರ ಕೈಗೆ ಕೊಡುವುದು. ಯಾರ ಕೈ ಎನ್ನುವುದನ್ನು ಸದಸ್ಯರೇ ಹೇಳಲಿ. ಕಾಂತೇಶ ಉಡಿದಾರ ಮುಟ್ಟಿ ನೋಡಿಕೊಂಡ. ಬೀಗದ ಕೈ ಇತ್ತು, ಆದರೆ ಆಗಲೇ ಯಾರೋ ಎಳೆಯುತ್ತಿರುವ ಹಾಗೆ ಅನ್ನಿಸಿತು.

ಉಳಿಯಬೇಕಾದರೆ ದಾರಿ ಒಂದೇ. ಸಂಪಿಗೆಯ ಸರ್ವರ್ ಒಮ್ಮೆ ಬೀಳಬೇಕು. ಬಿದ್ದಾಗ ತಾನು ಅಲ್ಲಿರಬೇಕು, ಕಣ್ಣಾರೆ ನೋಡಬೇಕು, ಸಭೆಯಲ್ಲಿ ಹೇಳಬೇಕು. ಬೀಳಿಸುವ ಕೆಟ್ಟತನ ಅವನಲ್ಲಿರಲಿಲ್ಲ. ಬೀಳಲಿ ಎಂದು ಕಾಯುವಷ್ಟು ಮಾತ್ರ ಇತ್ತು.

ಬೈಕ್ ಹತ್ತಿ ಶನಿವಾರ ಸಂಪಿಗೆಗೆ ಹೋದ. ಶನಿವಾರವೇ ಏಕೆಂದರೆ ಅಲ್ಲಿ ಶ್ರೀನಿವಾಸನ ಗುಡಿ ಇದೆ, ಶನಿವಾರ ದೇವರ ವಾರ, ಯಾರು ಕೇಳಿದರೂ ನೆಪ ಸಿದ್ಧ. ಹೋಗುವ ಮುಂಚೆ ತನ್ನ ಸರ್ವರ್‌ನ ತೇಪೆಗಳು ನೆನಪಾದವು. ನಾಳೆ ಮಾಡಿದರಾಯಿತು ಎಂದುಕೊಂಡ.

ಗುಡಿಯಲ್ಲಿ ಮೂರು ಸುತ್ತು ಹಾಕಿ, ಕೈಮುಗಿದು, ‘ಸ್ವಾಮಿ, ಜಾಸ್ತಿ ಬೇಡ, ಅರ್ಧ ದಿನ ಸಾಕು’ ಎಂದು ಬೇಡಿಕೊಂಡು ನೇರ ಶಾಖೆಗೆ ನಡೆದ. ಅನಿತಾ ಎದ್ದು ಕುರ್ಚಿ ಎಳೆದಳು.

“ಬನ್ನಿ ಕಾಂತೇಶಣ್ಣ. ದರ್ಶನ ಆಯ್ತಾ? ಟೀ ತರಿಸ್ಲಾ?”

“ಇಂಗೇ ಬಂದಿದ್ದೆ ಕಣಮ್ಮ. ಮಿಷನ್ನು ಹೆಂಗೈತೆ?”

“ಐತಣ್ಣ ಅದ್ರ ಪಾಡಿಗೆ ಅದು.”

ಆ ‘ಅದ್ರ ಪಾಡಿಗೆ ಅದು’ ಎನ್ನುವ ಮಾತು ಟೀಯ ಜೊತೆ ಗಂಟಲಿನಲ್ಲಿ ಇಳಿಯಲು ಅರ್ಧ ಗಂಟೆ ಹಿಡಿಯಿತು. ಗಾಜಿನ ಕಿಟಕಿಯಾಚೆ ಸರ್ವರ್‌ನ ಹಸಿರು ದೀಪ ಮಿಣುಕುತ್ತಿತ್ತು. ಕಾಂತೇಶ ಅದನ್ನು ಎಷ್ಟು ಹೊತ್ತು ದಿಟ್ಟಿಸಿದನೆಂದರೆ ಬೇರೆ ಯಾವ ದೀಪವಾಗಿದ್ದರೂ ನಾಚಿ ಆರಿಹೋಗುತ್ತಿತ್ತು. ಮನುಷ್ಯನ ಕೈ ಸೋಕದೆ, ಯಾರೂ ಕಿವಿ ಕೊಡದೆ, ಅಷ್ಟು ಸುಖವಾಗಿ ಅದು ಹೇಗೆ ಇರಬಲ್ಲದು? ಅನಿತಾಳ ಮೇಲಿನ ಹೊಟ್ಟೆಕಿಚ್ಚು ಒಂದು ತೂಕ. ಮುಂಜಾನೆ ಹೊತ್ತು, ತಾನು ಇನ್ನೂ ಹಲ್ಲುಜ್ಜುವಾಗ, ಕಾಣದಂತೆ ಬಂದು, ತಾನು ಮಾಡುವ ತೇಪೆಯ ಕೆಲಸವನ್ನು ಮಾಡಿಹೋಗುವ, ಯಂತ್ರದೊಳಗಿನ ಆ ಇನ್ನೊಬ್ಬನ ಮೇಲಿನದು ಎರಡು ತೂಕ.

ಎರಡನೇ ಶನಿವಾರವೂ ಹೋದ. ಮೂರನೆಯದಕ್ಕೂ ಹೋದ. ಪ್ರತಿ ಸಲವೂ ತನ್ನ ಕೆಲಸವನ್ನು ಭಾನುವಾರಕ್ಕೆ ಇಟ್ಟ. ಭಾನುವಾರ ಒಂದು ಬೀಗರ ಊಟ, ಒಂದು ನಾಮಕರಣ, ಇಲ್ಲವೇ ಶನಿವಾರ ಹಸಿರು ದೀಪ ನೋಡಿ ಬಂದ ತಲೆನೋವು. ನಾಲ್ಕನೇ ಶನಿವಾರ ಅರ್ಚಕರು ಅವನನ್ನು ಗುರುತು ಹಿಡಿದರು.

“ಏಳು ಶನಿವಾರದ ಹರಕೆಯೋ ಯಜಮಾನ್ರೆ?”

“ಹೂಂ ಸ್ವಾಮಿ.”

“ಏನು ಕೋರಿಕೆ?”

“ಒಬ್ರಿಗೆ... ಒಂದ್ಸಲ... ಸ್ವಲ್ಪ ತಗ್ಗಬೇಕು ಸ್ವಾಮಿ.”

“ಜ್ವರವೇ? ತಗ್ಗುತ್ತೆ ಬಿಡಿ” ಎಂದು ಅರ್ಚಕರು ಎರಡು ತುಳಸಿದಳ ಹೆಚ್ಚಿಗೆ ಕೊಟ್ಟರು.

ಏಳನೇ ಶನಿವಾರವೂ ದೀಪ ಹಸಿರಾಗಿಯೇ ಇತ್ತು. ಅನಿತಾ ಆವತ್ತು ಟೀ ಜೊತೆ ಕೋಡುಬಳೆಯನ್ನೂ ಕೊಟ್ಟಳು. ಅದೂ ಚೆನ್ನಾಗಿತ್ತು. ಕಾಂತೇಶನಿಗೆ ಅದಕ್ಕೂ ಸಂಕಟವಾಯಿತು.

ಎರಡು ದಿನ ಕಳೆದು ಸೋಮವಾರ, ಮಾಯಸಂದ್ರದಲ್ಲಿ ತೂಕದ ದಿನ. ಬೆಳಿಗ್ಗೆ ಕಾಂತೇಶ ಬಾಗಿಲಿಗೆ ಸೊಂಟ ಕೊಟ್ಟು ಬೀಗ ತೆಗೆದಾಗ ಪೆಟ್ಟಿಗೆಯ ಫ್ಯಾನು ದನಿ ಬದಲಿಸಿತ್ತು. ಗಡಗಡ, ಗಡಗಡ. ರಾಗಿ ಒಕ್ಕುವ ಯಂತ್ರವನ್ನು ಯಾರೋ ನುಂಗಿಸಿದ ಹಾಗೆ. ಬೇರೆ ಊರಿನವನಾಗಿದ್ದರೆ ಹೆದರುತ್ತಿದ್ದ. ಕಾಂತೇಶ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಏಳು ವಾರದಲ್ಲಿ ಮೊದಲ ಸಲ ಮುಗುಳ್ನಕ್ಕ. ಇಂಥ ದನಿಯ ಕಾಯನ್ನು ಅವನಪ್ಪ ಒಳ್ಳೆಯ ರಾಶಿಗೆ ಎತ್ತಿಡುತ್ತಿದ್ದ.

“ಹದಕ್ ಬಂದೈತೆ” ಎಂದು ಪೆಟ್ಟಿಗೆಯ ಬೆನ್ನು ತಟ್ಟಿ ಹೊರಬಂದ.

ಹೊರಗೆ ತಕ್ಕಡಿಯ ಮುಂದೆ ಸಾಲು ಬಸ್ ನಿಲ್ದಾಣದವರೆಗೆ ಬೆಳೆದಿತ್ತು. ಚೀಲ ಇಟ್ಟರೆ ತೂಕ ಬರಲು ಐದು ನಿಮಿಷ. ಚಿಕ್ಕಗಂಗಮ್ಮ ಒಂದು ಚೀಲ ಇಟ್ಟು, ಎಲೆ ಹಾಕಿಕೊಂಡು, ಅಗಿದು, ಉಗಿದು ಬಂದರೂ ತೂಕ ಬಂದಿರಲಿಲ್ಲ. ಅಷ್ಟರಲ್ಲಿ ಕಾಂತೇಶನ ಫೋನು ಬಡಿದುಕೊಂಡಿತು. ಅನಿತಾ.

“ಕಾಂತೇಶಣ್ಣ, ಬೆಳಿಗ್ಗೆಯಿಂದ ಮಾಯಸಂದ್ರದ ಕಡೆಯಿಂದ ಯಾರೋ ನಮ್ಮ ಸರ್ವರ್ ಬಾಗ್ಲು ತಟ್ತಾ ಅವ್ರೆ. ಒಳಗೆ ಏನೈತೆ ಅಂತ ಇಣುಕಿ ಇಣುಕಿ ನೋಡ್ತಾ ಅವ್ರೆ.”

ಕಾಂತೇಶ ಜಗುಲಿಯ ಕಂಬದ ಮರೆಗೆ ಸರಿದ. “ನಾನು ಶನಿವಾರ ಮಾತ್ರ ಕಣಮ್ಮ ಬರಾದು!”

“ನೀವಲ್ಲಣ್ಣ. ನಿಮ್ ಸರ್ವರು. ನಾಲ್ಕು ಸಾವಿರ ಸಲ ತಟ್ಟೈತೆ. ಒಂದೊಂದು ಸಲಕ್ಕೂ ಒಂದೊಂದು ಪಾಸ್‌ವರ್ಡ್ ಹಾಕಿ ನೋಡ್ತಾ ಐತೆ. ಯಾರೋ ಒಳಗೆ ಹೊಕ್ಕವ್ರೆ ಅನ್ಸುತ್ತೆ. ತಕ್ಷಣ ನೆಟ್ ವೈರ್ ಕಿತ್ತಾಕಿ, ನಾನು ಬತ್ತೀನಿ.”

ಕಾಂತೇಶ ವೈರು ಕಿತ್ತು ಕೋಣೆಯಲ್ಲಿ ನೆಲದ ಮೇಲೆ ಕೂತ. ತಾನು ಸಂಪಿಗೆಯ ಬಾಗಿಲಲ್ಲಿ ಏಳು ವಾರ ಇಣುಕಿದ್ದು ಸಾಲದೆಂದು ತನ್ನ ಸರ್ವರೂ ಅಲ್ಲಿಗೇ ಹೋಗಿ ಇಣುಕುತ್ತಿತ್ತು.

ಅನಿತಾ ಬಂದು ಅರ್ಧ ಗಂಟೆಯಲ್ಲಿ ಹುಳುಕು ಕಂಡುಹಿಡಿದಳು. ಐದು ಶನಿವಾರದ ಹಿಂದೆ ಒಂದು ದೊಡ್ಡ ತೂತಿಗೆ ತೇಪೆ ಬಂದಿತ್ತು. ಸಂಪಿಗೆಯ ಸರ್ವರ್ ಮಾರನೇ ಮುಂಜಾನೆಯೇ ಅದನ್ನು ತಾನಾಗಿ ಹಾಕಿಕೊಂಡಿತ್ತು. ಮಾಯಸಂದ್ರದ್ದು ಕಾಂತೇಶನಿಗಾಗಿ ಕಾಯುತ್ತಿತ್ತು. ಕಳ್ಳ ಕಾಯಲಿಲ್ಲ. ಒಳಗೆ ಕೂತು ತನ್ನದೇ ಏನೋ ಲೆಕ್ಕಾಚಾರಕ್ಕೆ ಯಂತ್ರವನ್ನು ಹಗಲಿರುಳು ದುಡಿಸಿಕೊಳ್ಳುತ್ತಿದ್ದ. ಗಡಗಡ ಎಂದದ್ದು ಅದೇ.

“ಹತ್ತು ವರ್ಷ ವಾರ ತಪ್ಪಿಸಿಲ್ಲ ಅಂತಾರೆ ನಿಮ್ಮನ್ನ” ಎಂದಳು ಅನಿತಾ ಮೆಲ್ಲಗೆ. “ಏಳು ವಾರದಿಂದ ಏನಾಯ್ತಣ್ಣ? ಮೈಗೆ ಹುಷಾರಿರಲಿಲ್ವಾ?”

“ಇರ್ಲಿಲ್ಲ ಕಣಮ್ಮ” ಎಂದ ಕಾಂತೇಶ. ಒಂದು ರೀತಿಯಲ್ಲಿ ನಿಜವೇ.

ಪುಣ್ಯಕ್ಕೆ ದಿನದ ತೂಕದ ಪಟ್ಟಿಯ ನಕಲು ಪ್ರತಿ ಸಂಜೆ ಸಂಪಿಗೆಗೆ ಹೋಗುತ್ತಿತ್ತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಪೂರ್ತಿ ತೊಳೆದು, ಹೊಸದಾಗಿ ಲಿನಕ್ಸ್ ಹಾಕಿ, ಇದ್ದಬದ್ದ ತೇಪೆಗಳನ್ನೆಲ್ಲ ಹಾಕಿ, ಪಟ್ಟಿಯನ್ನು ವಾಪಸ್ಸು ತುಂಬಿದರು. ಎಲ್ಲ ಸರಿಯಾಯಿತು. ತಕ್ಕಡಿ ಮಾತ್ರ ಮೂಕವಾಗಿ ಕೂತಿತು. ಚೀಲ ಇಟ್ಟರೆ ಸರ್ವರ್‌ಗೆ ಸುದ್ದಿಯೇ ಮುಟ್ಟದು. ಅನಿತಾ ಅದನ್ನು ತಿರುವಿ ಇದನ್ನು ತಿರುವಿ ಸುಸ್ತಾದಳು. ಕಾಂತೇಶ ಲಾಂಗ್ ನೋಟ್‌ಬುಕ್ ತೆಗೆದು ಮೂರು ವರ್ಷ ಹಿಂದಕ್ಕೆ ಹಾಳೆ ತಿರುವಿ ಅವಳ ಮುಂದಿಟ್ಟ. ಒಂದು ತೇಪೆಯ ಹೆಸರು, ಅದರ ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು: ‘ಇದು ಯಾವ ಹೊಸ ರೂಪದಲ್ಲಿ ಬಂದರೂ ಹಾಕಬಾರದು. ಹಾಕಿದರೆ ತಕ್ಕಡಿಯ ಮಾತು ನಿಲ್ಲುತ್ತದೆ. ಹಳೆಯದನ್ನೇ ಕಟ್ಟಿಹಾಕಿ ಇಟ್ಟುಕೊಳ್ಳಬೇಕು.’

ಅನಿತಾ ಓದಿದಳು. ಮತ್ತೊಮ್ಮೆ ಓದಿದಳು.

“ಈ ಬುಕ್ಕು ಹೋದ ತಿಂಗಳು ನನ್ ಕೈಗೆ ಸಿಕ್ಕಿದ್ರೆ ಬದುಕ್ಕೊತಿದ್ದೆ ಕಣಣ್ಣ.”

“ಯಾಕಮ್ಮ?”

“ನಮ್ದು ಇದೇ ತೇಪೆಯ ಹೊಸ ರೂಪ ತಾನಾಗೇ ಹಾಕ್ಕೊಂಡು ಬಿದ್ದಿತ್ತು. ಆವತ್ತು ಬಂದಿದ್ದನ್ನೆಲ್ಲ ಒಟ್ಟಿಗೆ ತೆಗ್ದು ತಡ್ದಿಟ್ಟೆ, ಯಾವ್ದರ ತಪ್ಪು ಅಂತ ಇವತ್ತೇ ಗೊತ್ತಾಗಿದ್ದು.”

ಕಾಂತೇಶನ ಎದೆಯೊಳಗೆ ಓಲಗ ಶುರುವಾಯಿತು. “ಬಿದ್ದಿತ್ತಾ?”

“ಅರ್ಧ ದಿನ.”

“ಯಾವತ್ತು?”

“ಬುಧವಾರ.”

“ಬುಧವಾರ?”

“ಬುಧವಾರ.”

ಕಾಂತೇಶ ಗೋಡೆಗೆ ಒರಗಿದ. ಏಳು ಶನಿವಾರದ ಪೆಟ್ರೋಲು, ಇಪ್ಪತ್ತೊಂದು ಸುತ್ತು, ಲೆಕ್ಕವಿಲ್ಲದಷ್ಟು ಟೀ. ಅರ್ಧ ದಿನ ಎಂದು ಬೇಡಿದ್ದ, ಶ್ರೀನಿವಾಸ ನಿಮಿಷವೂ ಹೆಚ್ಚುಕಮ್ಮಿ ಮಾಡದೆ ಅರ್ಧ ದಿನ ಕೊಟ್ಟಿದ್ದ. ಯಾವ ವಾರ ಎಂದು ಬೇಡುವವನು ಹೇಳಬೇಕಿತ್ತು.

“ಯಾರ್ಗೂ ಹೇಳ್ಲಿಲ್ವಾ?”

“ಹಳೇ ತಕ್ಕಡೀಲಿ ತೂಗಿ ಕಾಗದದ ಮೇಲೆ ಬರ್ಕೊಂಡು ದಿನ ನೂಕಿದ್ವಿ. ಹೇಳಕ್ಕೆ ಭಯ ಆಯ್ತಣ್ಣ. ಎಲ್ಲಿ ಹೋದ್ರೂ ಒಂದೇ ಮಾತು, ಕಾಂತೇಶನ ಸರ್ವರ್ ಹತ್ತು ವರ್ಷದಲ್ಲಿ ಒಂದ್ಸಲನೂ ಬಿದ್ದಿಲ್ಲ ಅಂತ. ನೀವು ಪ್ರತಿ ಶನಿವಾರ ಬಂದು ನನ್ ಸರ್ವರ್ ನೋಡ್ಕಂಡ್ ಕೂತಾಗ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ನಂಗೆ?”

ತನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಟ್ಟಿದ್ದರು! ಹತ್ತು ವರ್ಷದ ಸೇವೆಗೆ ಯಾರೂ ಶಾಲು ಹೊದಿಸಿರಲಿಲ್ಲ. ಈ ಮಾತನ್ನು ಹೊದ್ದುಕೊಂಡು ಕಾಂತೇಶ ಸ್ವಲ್ಪ ಹೊತ್ತು ಬೆಚ್ಚಗೆ ಕೂತ.

ಏಳುವಾಗ ಅನಿತಾ ಹೇಳಿದಳು: “ಸಭೇಲಿ ಡಿಸ್ಕ್ ಕೆಟ್ಟಿತ್ತು ಅಂದ್ಬುಡಿ ಅಣ್ಣ. ನಾನೇನೂ ಬಾಯಿ ಬಿಡಲ್ಲ.”

ಆ ಮಾತನ್ನು ನುಂಗುವುದು ಅವಳ ಕೋಡುಬಳೆಗಿಂತ ಕಷ್ಟವಾಗಿತ್ತು.

ಯುಗಾದಿ ಕಳೆದು ಸಭೆ ಸೇರಿತು. ಶಂಭುಲಿಂಗಯ್ಯನವರು ಕನ್ನಡಕ ಹಾಕಿಕೊಂಡು, “ಎರಡು ಸರ್ವರು, ಒಂದು ಕೈ. ಯಾರದ್ದು ಹೇಳ್ರಪ್ಪ” ಎಂದರು. ಕಾಂತೇಶ ಎದ್ದು ನಿಂತ. ‘ಬುಧವಾರ’ ಎನ್ನುವ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದು, ಬಸ್ಸಿನ ಬಾಗಿಲಲ್ಲಿ ನಿಂತ ಪ್ರಯಾಣಿಕನಂತೆ ಇಳಿಯಲು ತಯಾರಾಗಿತ್ತು. ಅದನ್ನು ಇಳಿಸಿದರೆ ಉಡಿದಾರ ಉಳಿಯುತ್ತಿತ್ತು. ಎದುರಿಗೆ ಅನಿತಾ ಕೂತಿದ್ದಳು, ತೊಡೆಯ ಮೇಲೆ ಅವನ ಲಾಂಗ್ ನೋಟ್‌ಬುಕ್. ನಕಲು ಮಾಡಿಕೊಳ್ಳಲು ಒಯ್ದಿದ್ದಳು. ಹಳೆಯ ಹರಿದ ರಟ್ಟು ತೆಗೆದು ಹೊಸ ರಟ್ಟು ಹಾಕಿ, ಮೇಲೆ ದುಂಡಗೆ ಬರೆದಿದ್ದಳು: ‘ಕಾಂತೇಶಣ್ಣನ ಪುಸ್ತಕ.’

ಕಾಂತೇಶ ಗಂಟಲು ಸರಿಮಾಡಿಕೊಂಡ.

“ನನ್ ಸರ್ವರ್‌ಗೆ ಕಳ್ಳ ನುಗ್ಗಿದ್ದ. ಏಳು ವಾರ ನಾನು ತೇಪೆ ಹಾಕಿರ್ಲಿಲ್ಲ. ತಪ್ಪು ನಂದು.” ಇಷ್ಟಕ್ಕೇ ಕೂರಬಹುದಿತ್ತು. ಆದರೆ ಸೋಲಿನಲ್ಲೂ ಸಣ್ಣವನಾಗಲು ಮನಸ್ಸು ಬರಲಿಲ್ಲ. “ಬಂದಿದ್ದ ಕಳ್ಳ ಸಾಮಾನ್ಯದೋನಲ್ಲ ಕಣ್ರಪ್ಪ. ಅಂಥೋನು ನಮ್ ತಾಲ್ಲೂಕಿಗೇ ಬಂದಿರ್ಲಿಲ್ಲ. ನಾಲ್ಕು ಸಾವಿರ ಸಲ ಬಾಗ್ಲು ತಟ್ಟೋ ಗಂಡು!”

ಆಗ ಅನಿತಾ ಎದ್ದಳು.

“ನಮ್ದೂ ಹೋದ ತಿಂಗಳು ಅರ್ಧ ದಿನ ಬಿದ್ದಿತ್ತು. ನಾನು ಮುಚ್ಚಿಟ್ಟಿದ್ದೆ. ಕಾಂತೇಶಣ್ಣಂಗೆ ಅದು ಗೊತ್ತಿತ್ತು, ಹೇಳ್ಲಿಲ್ಲ.”

ಚಪ್ಪಾಳೆ ಬಿತ್ತು. ಕಾಂತೇಶನಿಗೆ ಬಿದ್ದದ್ದಕ್ಕಿಂತ ಜೋರಾಗಿ. ಅಂದರೆ ಅವನಿಗೆ ಬಿದ್ದೇ ಇರಲಿಲ್ಲ. ನಿಜ ಹೇಳುವುದರಲ್ಲೂ ಈ ಹುಡುಗಿ ಕಡಿಮೆ ಮಾತಿಗೆ ಹೆಚ್ಚು ಬೆಳೆ ತೆಗೆದಳಲ್ಲ ಎಂದು ಅವನ ಹೊಟ್ಟೆ ಹಳೇ ಅಭ್ಯಾಸದಲ್ಲಿ ಒಮ್ಮೆ ಚುರುಗುಟ್ಟಿತು.

ಚಿಕ್ಕಗಂಗಮ್ಮ ತೀರ್ಪು ಕೊಟ್ಟಳು: “ತಾನಾಗೇ ನಡ್ಯಾದೂ ಬಿತ್ತು, ಕೈಲಿ ನಡ್ಸಾದೂ ಬಿತ್ತು. ಒಂದು ಅರ್ಧ ದಿನಕ್ಕೆ ಎದ್ದೈತೆ, ಇನ್ನೊಂದು ಕಳ್ಳನ್ನೇ ಮನೇಲಿ ಇಕ್ಕಂಡು ಸಾಕೈತೆ. ದಿನದ ತೇಪೆ ಆ ಹುಡ್ಗಿ ಹೇಳ್ದಂಗೆ ಮಿಷನ್ನೇ ಹಾಕ್ಕಳ್ಲಿ. ಹಾಕಬಾರದ್ದು ಯಾವ್ದು ಅಂತ ಕಾಂತೇಶ ಹೇಳ್ಲಿ. ಎರಡು ಊರಿಗೂ ವಾರಕ್ಕೊಂದು ದಿನ ಹೋಗಿ ಮಿಷನ್ನ ನಿಲ್ಸಿ, ಎಬ್ಬಿಸಿ, ತಕ್ಕಡಿ ಮಾತಾಡ್ತದಾ ನೋಡ್ಕಂಡು ಬರ್ಲಿ. ಈಗ ನನ್ ಚೀಲ ತೂಗ್ರಿ.”

ಸಭೆ ಒಪ್ಪಿತು. ಎರಡೂ ಸರ್ವರ್‌ಗಳ ಹೊಣೆ ಅನಿತಾಳ ಹೆಸರಿಗೆ ಬಂತು. ಕಾಂತೇಶ ಎಲ್ಲರ ಎದುರು ಗೋಡೆಯ ಕಡೆ ತಿರುಗಿ, ಉಡಿದಾರದಿಂದ ಬೀಗದ ಕೈ ಬಿಚ್ಚಿ ಅಲ್ಲಿದ್ದ ಒಂದು ಮೊಳೆಗೆ ಹಾಕಿದ. ಹತ್ತು ವರ್ಷದಿಂದ ಒಂದು ಕಡೆಗೆ ವಾಲಿದ್ದ ಸೊಂಟ ಆ ಕ್ಷಣ ಇನ್ನೊಂದು ಕಡೆಗೆ ವಾಲಿತು ಎಂದು ಶಂಭುಲಿಂಗಯ್ಯ ಈಗಲೂ ಆಣೆ ಇಟ್ಟು ಹೇಳುತ್ತಾರೆ.

ಈಗ ದಿನಾ ಮುಂಜಾನೆ ಸರ್ವರ್ ಬರೆದ ಕಾಗದ ಕಾಂತೇಶನ ಮೊಬೈಲಿಗೂ ಬರುತ್ತದೆ: ಇಂದು ಇಂತಿಂಥ ತೇಪೆ ಹಾಕಿಕೊಂಡೆ, ಎಲ್ಲ ಕ್ಷೇಮ. ಅವನು ಹಲ್ಲುಜ್ಜುತ್ತಲೇ ಅದನ್ನು ಸಾಲು ಸಾಲಾಗಿ ಓದಿ ತಪ್ಪು ಹುಡುಕುತ್ತಾನೆ. ತಪ್ಪು ಸಿಗದ ದಿನ ಬೆಳಗಿನ ತಿಂಡಿ ರುಚಿಸುವುದಿಲ್ಲ. “ಇನ್ನೊಬ್ಳ ಕಾಗದ ಓದ್ದಂಗೆ ಓದ್ತೀರಲ್ಲಾ” ಎಂದು ನಯನ ಚಟ್ನಿ ಬಡಿಸುತ್ತಾಳೆ.

ಸಭೆಯ ನಂತರದ ಮೊದಲ ಶನಿವಾರ, ಸಂಘದ ಅಪ್ಪಣೆಯ ಮೇಲೆ, ನೆಪವಿಲ್ಲದೆ ಸಂಪಿಗೆಗೆ ಹೋದ. ತಕ್ಕಡಿ ಮಾತಾಡಿಸಿ, ಗುಡಿಗೂ ಒಂದು ಸುತ್ತು ಹೋದ. ಅರ್ಚಕರು ತೀರ್ಥ ಕೊಡುತ್ತ ಕೇಳಿದರು:

“ಏಳು ಶನಿವಾರ ಮುಗೀತಲ್ಲ ಯಜಮಾನ್ರೆ. ಫಲ ಸಿಕ್ತೋ?”

“ಸಿಕ್ತು ಸ್ವಾಮಿ” ಎಂದ ಕಾಂತೇಶ, ತೀರ್ಥವನ್ನು ತಲೆಗೆ ಒರೆಸಿಕೊಳ್ಳುತ್ತ. “ಬುಧವಾರನೇ ಸಿಕ್ಕಿತ್ತಂತೆ.”